ಗೋಳದ ಮೇಲೆ ರ‍್ಯಾಂಡಮ್ ಬಿಂದುಗಳು: ಧ್ರುವದಲ್ಲಿ ಗುಂಪಾಗದ ಹಾಗೆ ಕೋಡ್ ಬರೆಯೋದು ಹೇಗೆ?

ಎಂಎಸ್ಸಿ ಪ್ರಾಜೆಕ್ಟ್ ಸಮಯ ಬಂತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಧಾರವಾಡದ ಪಾವಟೆ ನಗರದಿಂದ ಬರುತ್ತದೆ, ಹುಬ್ಬಳ್ಳಿಯ ವಿದ್ಯಾನಗರದಿಂದ ಬರುತ್ತದೆ, ಗದಗ, ಹಾವೇರಿ ಕಡೆ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವರೂ ಕೇಳುತ್ತಾರೆ. "ಗೋಳದ ಮೇಲೆ ಎಲ್ಲಾ ಕಡೆ ಸಮನಾಗಿ ರ‍್ಯಾಂಡಮ್ ಬಿಂದು ಬೇಕು. ಎರಡು ಕೋನ ರ‍್ಯಾಂಡಮ್ ಆಗಿ ತೆಗೆದುಕೊಂಡೆ. ಆದರೆ ಮೇಲೆ ಕೆಳಗೆ ಗುಂಪಾಗುತ್ತಿವೆ, ಯಾಕೆ?" ಗುಂಪಾಗಿದ್ದು ಕಣ್ಣಿಗೆ ಬಿದ್ದವರು ಕೇಳುತ್ತಾರೆ. ಬೀಳದವರು ಹಾಗೇ ಮುಂದೆ ಹೋಗುತ್ತಾರೆ, ರಿಸಲ್ಟ್ ತೆಗೆಯುತ್ತಾರೆ, ಥೀಸಿಸ್‌ನಲ್ಲೂ ಹಾಕುತ್ತಾರೆ. ನನಗೆ ಚಿಂತೆ ಇರುವುದು ಇವರ ಬಗ್ಗೆಯೇ, ಯಾಕಂದ್ರೆ ಈ ತಪ್ಪು ಎರರ್ ಕೊಡುವುದಿಲ್ಲ, ಪ್ರೋಗ್ರಾಂ ನಿಲ್ಲಿಸುವುದಿಲ್ಲ, ಸುಮ್ನೆ ತಪ್ಪು ಉತ್ತರ ಕೊಡುತ್ತಾ ಕೂತಿರುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. 0 ರಿಂದ 1ರ ನಡುವೆ ಸಮನಾಗಿ ರ‍್ಯಾಂಡಮ್ ಸಂಖ್ಯೆ ಕೊಡುವ ಫಂಕ್ಷನ್ ಒಂದು, ನಾರ್ಮಲ್ ಸಂಖ್ಯೆ ಕೊಡುವ ಫಂಕ್ಷನ್ ಇನ್ನೊಂದು (ಗಂಟೆಯಾಕಾರದ ಹಂಚಿಕೆ, ಸರಾಸರಿ 0, ಹರಡಿಕೆ 1), ಆಮೇಲೆ ಸೈನ್, ಕೊಸೈನ್, ವರ್ಗಮೂಲ. ಪೈಥಾನ್, ಸಿ, ಫೋರ್ಟ್ರಾನ್, ಜೂಲಿಯಾ ಯಾವುದಿದ್ದರೂ ನಡೆಯುತ್ತದೆ. ಸೂತ್ರಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ನಿಮ್ಮ ಭಾಷೆಗೆ ಇಳಿಸಿಕೊಳ್ಳುವುದು ಕಷ್ಟವಿಲ್ಲ. ಗೋಳದ ತ್ರಿಜ್ಯ ಎಲ್ಲಾ ಕಡೆ 1 ಅಂತ ಇಟ್ಟುಕೊಳ್ಳಿ. ನಿಮ್ಮದು ಬೇರೆ ಇದ್ದರೆ ಕೊನೆಗೆ ಅದರಿಂದ ಗುಣಿಸಿದರಾಯಿತು.

ಹಂತ 1: ನಿಮಗೆ ಬೇಕಾದದ್ದು ಏನು ಅಂತ ಮೊದಲು ಖಚಿತ ಮಾಡಿಕೊಳ್ಳಿ

ಯೂನಿಫಾರ್ಮ್ ಅನ್ನುವ ಪದವನ್ನು ಎಲ್ಲರೂ ಬಳಸುತ್ತಾರೆ, ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಅರ್ಥ ಇರುತ್ತದೆ. ಇಲ್ಲಿ ಅದರ ಅರ್ಥ ಇಷ್ಟು: ಗೋಳದ ಮೇಲ್ಮೈಯಲ್ಲಿ ಎಲ್ಲಿಯಾದರೂ ಒಂದು ಚದರ ಸೆಂಟಿಮೀಟರ್ ಜಾಗ ಗುರುತು ಮಾಡಿ, ಬಿಂದು ಅದರೊಳಗೆ ಬೀಳುವ ಸಂಭವ ಎಲ್ಲಾ ಕಡೆ ಒಂದೇ ಇರಬೇಕು. ಧ್ರುವದ ಹತ್ತಿರದ ಚದರಕ್ಕೂ ಸಮಭಾಜಕದ ಮೇಲಿನ ಚದರಕ್ಕೂ ವ್ಯತ್ಯಾಸ ಇರಬಾರದು. ಸಮನಾಗಿರಬೇಕಾದದ್ದು ವಿಸ್ತೀರ್ಣದ ಲೆಕ್ಕದಲ್ಲಿ. ಇದೊಂದು ಗಟ್ಟಿಯಾದರೆ ಮುಂದಿನದೆಲ್ಲ ತಾನಾಗಿ ಬರುತ್ತದೆ.

ಇನ್ನು ಮೂರು ಬೇರೆ ಬೇಡಿಕೆಗಳು ಇದರ ಜೊತೆ ಕಲಸಿಹೋಗುತ್ತವೆ. ಗೋಳದ ಒಳಗೆಲ್ಲ ತುಂಬಿದ ಬಿಂದು ಬೇಕಾ, ಮೇಲ್ಮೈ ಮೇಲಷ್ಟೇ ಬೇಕಾ? ಎರಡೂ ಬೇರೆ. ರ‍್ಯಾಂಡಮ್ ಬಿಂದು ಬೇಕಾ, ಒಂದಕ್ಕೊಂದು ಸಮದೂರದಲ್ಲಿ ಜೋಡಿಸಿಟ್ಟ ಹಾಗಿನ ಬಿಂದು ಬೇಕಾ? ಅವೂ ಬೇರೆ. ದಿಕ್ಕು ಬೇಕಾ, ಒಂದು ವಸ್ತುವನ್ನು ಪೂರ್ತಿ ರ‍್ಯಾಂಡಮ್ ಆಗಿ ತಿರುಗಿಸಬೇಕಾ? ಅದಂತೂ ತೀರಾ ಬೇರೆ. ಈ ಲೇಖನದ ಮುಖ್ಯ ವಿಷಯ ಮೇಲ್ಮೈ ಮೇಲಿನ ರ‍್ಯಾಂಡಮ್ ಬಿಂದು, ಅಂದರೆ ರ‍್ಯಾಂಡಮ್ ದಿಕ್ಕು. ಉಳಿದವನ್ನು ಕೊನೆಯ ಹಂತದಲ್ಲಿ ಹೇಳುತ್ತೇನೆ.

ಹಂತ 2: ಎರಡೂ ಕೋನಗಳನ್ನು ಸಮನಾಗಿ ತೆಗೆಯುವುದನ್ನು ಬಿಟ್ಟುಬಿಡಿ

ಎಲ್ಲರೂ ಮೊದಲು ಬರೆಯುವ ಕೋಡ್ ಇದು:

ಥೀಟಾ = 180 ಡಿಗ್ರಿ × ರ‍್ಯಾಂಡಮ್
ಫೈ = 360 ಡಿಗ್ರಿ × ರ‍್ಯಾಂಡಮ್

ಥೀಟಾ ಅಂದರೆ ಉತ್ತರ ಧ್ರುವದಿಂದ ಕೆಳಗೆ ಅಳೆಯುವ ಕೋನ. ಫೈ ಅಂದರೆ ಅಕ್ಷದ ಸುತ್ತ ತಿರುಗುವ ಕೋನ, ಭೂಮಿಯ ರೇಖಾಂಶದ ಹಾಗೆ. ಫೈ ಸಾಲು ಸರಿಯಾಗಿದೆ. ತಪ್ಪು ಇರುವುದು ಥೀಟಾ ಸಾಲಿನಲ್ಲಿ.

ಯಾಕೆ ಅಂತ ನೋಡಿ. ಉತ್ತರ ಧ್ರುವದ ಸುತ್ತ 10 ಡಿಗ್ರಿಯೊಳಗಿನ ಟೊಪ್ಪಿಗೆಯಾಕಾರದ ಜಾಗ ಇಡೀ ಗೋಳದ ವಿಸ್ತೀರ್ಣದಲ್ಲಿ ಬರೀ 0.76%. ಹಾಗಾಗಿ 10,000 ಬಿಂದು ಹಾಕಿದರೆ ಅಲ್ಲಿ ಸುಮಾರು 76 ಬೀಳಬೇಕು. ಮೇಲಿನ ಕೋಡ್ ಅಲ್ಲಿಗೆ 180ರಲ್ಲಿ 10 ಪಾಲು, ಅಂದರೆ ಸುಮಾರು 556 ಬಿಂದು ತಂದು ಸುರಿಯುತ್ತದೆ. ಏಳು ಪಟ್ಟಿಗೂ ಜಾಸ್ತಿ! ಥೀಟಾ 1 ಡಿಗ್ರಿ ಸರಿದರೆ ಸಮಭಾಜಕದ ಹತ್ತಿರ ದೊಡ್ಡ ಪಟ್ಟಿ ಸಿಗುತ್ತದೆ, ಧ್ರುವದ ಹತ್ತಿರ ಸಣ್ಣ ಉಂಗುರ ಸಿಗುತ್ತದೆ. ಎರಡಕ್ಕೂ ಒಂದೇ ಸಂಖ್ಯೆಯ ಬಿಂದು ಹಂಚಿದರೆ ಸಣ್ಣದು ತುಂಬಿ ತುಳುಕುತ್ತದೆ. ಪುಸ್ತಕದಲ್ಲಿ ವಿಸ್ತೀರ್ಣದ ತುಣುಕಿಗೆ ಸೈನ್ ಥೀಟಾ ಅಂತ ಒಂದು ಗುಣಕ ಬರುತ್ತದಲ್ಲ, ಇಂಟಿಗ್ರೇಶನ್ ಮಾಡುವಾಗ ಮರೆಯದೆ ಹಾಕುತ್ತೇವೆ. ಕೋಡ್ ಬರೆಯುವಾಗ ಮರೆತುಹೋಗುವುದೂ ಅದೇ.

ನಮ್ಮ ಊರಿನ ಲೆಕ್ಕದಲ್ಲೇ ನೋಡೋಣ. ಭೂಮಿಯನ್ನು ಸರಿಯಾದ ಗೋಳ ಅಂದುಕೊಂಡು ಅದರ ಮೇಲೆ 10 ಲಕ್ಷ ರ‍್ಯಾಂಡಮ್ ಬಿಂದು ಹಾಕುತ್ತೀರಿ. ಧಾರವಾಡದ ಸುತ್ತ 100 ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಹುಬ್ಬಳ್ಳಿ, ಗದಗ, ಹಾವೇರಿ, ಬೆಳಗಾವಿ ಎಲ್ಲಾ ಅದರೊಳಗೇ ಬರುತ್ತವೆ. ಸರಿಯಾದ ಕೋಡ್ ಆದರೆ ಆ ವೃತ್ತದೊಳಗೆ ಸುಮಾರು 62 ಬಿಂದು ಬೀಳಬೇಕು. ಎರಡು ಕೋನದ ಕೋಡ್‌ನಲ್ಲಿ ಬೀಳುವುದು ಸುಮಾರು 41. ನಮ್ಮ ಅಕ್ಷಾಂಶ 15 ಡಿಗ್ರಿಯ ಆಸುಪಾಸು ಇರುವುದರಿಂದ ನಮ್ಮ ಪಾಲಿನ ಮೂರನೇ ಒಂದು ಭಾಗ ಧ್ರುವದ ಕಡೆ ಹೋಗಿರುತ್ತದೆ. ಸುಮಾರು 50 ಡಿಗ್ರಿ ಅಕ್ಷಾಂಶದವರೆಗೂ ಹೀಗೆ ಕೊರತೆ, ಅದರಿಂದಾಚೆ ಹೆಚ್ಚುವರಿ.

"ನನ್ನ ಪ್ರಾಜೆಕ್ಟ್‌ಗೆ ಇಷ್ಟು ವ್ಯತ್ಯಾಸ ನಡೆಯುತ್ತೆ" ಅನ್ನುವವರಿಗೆ ಎಂಎಸ್ಸಿ ಲ್ಯಾಬ್‌ನದೇ ಉದಾಹರಣೆ ಕೊಡುತ್ತೇನೆ. ಗಾಮಾ ಸೋರ್ಸ್ ಒಂದಿದೆ, ಎಲ್ಲಾ ದಿಕ್ಕಿಗೂ ಸಮನಾಗಿ ಫೋಟಾನ್ ಬಿಡುತ್ತದೆ. ಅದರಿಂದ 10 ಸೆಂಟಿಮೀಟರ್ ದೂರದಲ್ಲಿ 2 ಇಂಚು ವ್ಯಾಸದ ಸೋಡಿಯಂ ಅಯೋಡೈಡ್ ಡಿಟೆಕ್ಟರ್ ಇಟ್ಟಿದ್ದೀರಿ. ಎಷ್ಟು ಫೋಟಾನ್ ಡಿಟೆಕ್ಟರ್‌ನ ಮುಖಕ್ಕೆ ಬಡಿಯುತ್ತವೆ? ಜ್ಯಾಮಿತಿಯ ಲೆಕ್ಕದಲ್ಲಿ ಉತ್ತರ 1.54%. ಈಗ ಎರಡು ಕೋನದ ಕೋಡ್ ಓಡಿಸಿ. ಡಿಟೆಕ್ಟರ್ ಅನ್ನು ಝಡ್ ಅಕ್ಷದ ಮೇಲೆ ಇಟ್ಟರೆ 7.9% ಬರುತ್ತದೆ. ಅದೇ ಡಿಟೆಕ್ಟರ್ ಅನ್ನು ಎಕ್ಸ್ ಅಕ್ಷದ ಮೇಲೆ ಇಟ್ಟರೆ 1%ರ ಆಸುಪಾಸು ಬರುತ್ತದೆ. ಸೋರ್ಸ್ ಅದೇ, ಡಿಟೆಕ್ಟರ್ ಅದೇ, ದೂರವೂ ಅದೇ. ಅಕ್ಷದ ಹೆಸರು ಬದಲಾದರೆ ಉತ್ತರ ಎಂಟು ಪಟ್ಟು ಬದಲಾಗುತ್ತದೆ ಅಂದರೆ ಆ ಕೋಡ್‌ನಿಂದ ಬಂದ ಯಾವ ಸಂಖ್ಯೆಯನ್ನೂ ನಂಬುವ ಹಾಗಿಲ್ಲ.

ಹಂತ 3: ಥೀಟಾ ಬದಲು ಎತ್ತರವನ್ನು ಸಮನಾಗಿ ತೆಗೆಯಿರಿ

ಹೆಚ್ಚಿನವರಿಗೆ ಈ ಹಂತ ಒಂದೇ ಸಾಕು.

ಒಂದು ದುಂಡನೆಯ ಉಳ್ಳಾಗಡ್ಡಿಯನ್ನು ಅಡ್ಡಡ್ಡವಾಗಿ, ಎಲ್ಲಾ ಒಂದೇ ದಪ್ಪದ ಬಿಲ್ಲೆಗಳಾಗಿ ಹೆಚ್ಚಿದ್ದೀರಿ ಅಂದುಕೊಳ್ಳಿ. ನಡುವಿನ ಬಿಲ್ಲೆ ಅಗಲ, ತುದಿಯ ಬಿಲ್ಲೆ ಚಿಕ್ಕದು. ಆದರೆ ಪ್ರತಿ ಬಿಲ್ಲೆಯ ಅಂಚಿಗೆ ಅಂಟಿಕೊಂಡ ಹೊರಸಿಪ್ಪೆ ಮಾತ್ರ ತೆಗೆದು ಅಳೆದರೆ ಎಲ್ಲದರ ವಿಸ್ತೀರ್ಣವೂ ಒಂದೇ! ನಡುವೆ ಸಿಪ್ಪೆಯ ಸುತ್ತಳತೆ ದೊಡ್ಡದು, ಆದರೆ ಅದು ನೆಟ್ಟಗೆ ನಿಂತಿರುವುದರಿಂದ ಅಗಲ ಕಡಿಮೆ. ತುದಿಯಲ್ಲಿ ಸುತ್ತಳತೆ ಸಣ್ಣದು, ಆದರೆ ಸಿಪ್ಪೆ ಓರೆಯಾಗಿ ಹರಡಿಕೊಂಡಿರುವುದರಿಂದ ಅಗಲ ಜಾಸ್ತಿ. ಎರಡೂ ಸೇರಿ ಸರಿಯಾಗಿ ಹೊಂದಿಕೆಯಾಗುತ್ತವೆ. ಪಟ್ಟಿಯ ವಿಸ್ತೀರ್ಣ = 2 × ಪೈ × ತ್ರಿಜ್ಯ × ಬಿಲ್ಲೆಯ ದಪ್ಪ, ಅಷ್ಟೇ. ಬಿಲ್ಲೆ ಎಲ್ಲಿಂದ ತೆಗೆದದ್ದು ಅನ್ನುವುದು ಸೂತ್ರದಲ್ಲಿ ಬರುವುದೇ ಇಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ಫಲಿತಾಂಶಕ್ಕೆ ಆರ್ಕಿಮಿಡೀಸ್ ಹೆಸರಿದೆ, ಮತ್ತು ಇಷ್ಟು ಚಂದದ ಫಲಿತಾಂಶ ಜ್ಯಾಮಿತಿಯಲ್ಲಿ ಕಡಿಮೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಒಂದೇ ದಪ್ಪಕ್ಕೆ ಒಂದೇ ವಿಸ್ತೀರ್ಣ ಅಂದಮೇಲೆ ಎತ್ತರವನ್ನು, ಅಂದರೆ ಝಡ್ ಅನ್ನು, −1 ರಿಂದ 1ರ ನಡುವೆ ಸಮನಾಗಿ ತೆಗೆದರೆ ಕೆಲಸ ಮುಗಿಯಿತು:

ಯು = ರ‍್ಯಾಂಡಮ್ (0 ರಿಂದ 1)
ವಿ = ರ‍್ಯಾಂಡಮ್ (0 ರಿಂದ 1), ಯು ಬಿಟ್ಟು ಹೊಸದಾಗಿ ತೆಗೆದದ್ದು
ಝಡ್ = 2 × ಯು − 1
ಫೈ = 2 × ಪೈ × ವಿ
ಆರ್ = ವರ್ಗಮೂಲ(1 − ಝಡ್ × ಝಡ್)
ಎಕ್ಸ್ = ಆರ್ × ಕೊಸೈನ್(ಫೈ)
ವೈ = ಆರ್ × ಸೈನ್(ಫೈ)

ಏಳು ಸಾಲು. ಇದರಲ್ಲೂ ಎಡವುವ ಜಾಗಗಳಿವೆ, ಒಂದೊಂದಾಗಿ ಹೇಳುತ್ತೇನೆ.

ಯು ಮತ್ತು ವಿ ಬೇರೆ ಬೇರೆ ಸಲ ಕರೆದು ತಂದ ಸಂಖ್ಯೆಗಳಾಗಿರಬೇಕು. ಒಂದೇ ಸಂಖ್ಯೆಯನ್ನು ಎರಡೂ ಕಡೆ ಬಳಸಿದರೆ ಬಿಂದುಗಳೆಲ್ಲ ಕೆಳ ಧ್ರುವದಿಂದ ಮೇಲಿನ ಧ್ರುವದವರೆಗೆ ಒಂದು ಸುತ್ತು ಹಾಕಿಕೊಂಡು ಹೋಗುವ ಒಂದೇ ಗೆರೆಯ ಮೇಲೆ ಕೂರುತ್ತವೆ. ಕಾಪಿ ಪೇಸ್ಟ್ ಮಾಡುವಾಗ ಇದು ಆಗುವುದುಂಟು.

ಫೈ ರೇಡಿಯನ್‌ನಲ್ಲಿ ಇರಬೇಕು. ಕೋನ ಅಳೆಯುವ ಇನ್ನೊಂದು ಮಾನ ಅದು, ಪೂರ್ತಿ ಸುತ್ತು ಅಂದರೆ 2 ಪೈ. ಹೆಚ್ಚುಕಡಿಮೆ ಎಲ್ಲಾ ಭಾಷೆಗಳ ಸೈನ್, ಕೊಸೈನ್ ಫಂಕ್ಷನ್‌ಗಳು ರೇಡಿಯನ್ನೇ ಕೇಳುತ್ತವೆ. 360 ಹಾಕಿದರೆ ಎರರ್ ಬರುವುದಿಲ್ಲ, ಎಚ್ಚರ.

ಕೆಲವರು ಝಡ್‌ನಿಂದ ಆರ್ಕ್ ಕೊಸೈನ್ ತೆಗೆದು ಥೀಟಾ ಮಾಡಿಕೊಂಡು, ಮತ್ತೆ ಅದರ ಸೈನ್, ಕೊಸೈನ್ ತೆಗೆಯುತ್ತಾರೆ. ಉತ್ತರ ಸರಿಯೇ ಬರುತ್ತದೆ, ಆದರೆ ಸುತ್ತಿ ಬಳಸಿ ಹೋದ ಹಾಗೆ. ಕೋಡ್ ನಿಧಾನ ಆಗುತ್ತದೆ, ಧ್ರುವದ ಹತ್ತಿರ ದಶಾಂಶದ ನಿಖರತೆಯೂ ಸ್ವಲ್ಪ ಹೋಗುತ್ತದೆ. ಥೀಟಾ ಬೇಕೇ ಬೇಕು ಅನ್ನುವಾಗ ಮಾತ್ರ ಆರ್ಕ್ ಕೊಸೈನ್ ತೆಗೆಯಿರಿ. ಅಕ್ಷಾಂಶ ಬೇಕಾದರೆ ಝಡ್‌ನ ಆರ್ಕ್ ಸೈನ್.

32 ಬಿಟ್ ಸಂಖ್ಯೆಗಳಲ್ಲಿ ಕೆಲಸ ಮಾಡುವವರು, ಅಂದರೆ ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆ ಓಡಿಸುವವರು, ಆರ್ ಲೆಕ್ಕವನ್ನು ವರ್ಗಮೂಲ((1 − ಝಡ್) × (1 + ಝಡ್)) ಅಂತ ಬರೆಯಿರಿ. ಝಡ್ 1ಕ್ಕೆ ತೀರಾ ಹತ್ತಿರ ಬಂದಾಗ ಒಂದರಿಂದ ಅದರ ವರ್ಗ ಕಳೆದರೆ ಅಂಕಿಗಳು ಕಳೆದುಹೋಗುತ್ತವೆ, ಹೀಗೆ ಬರೆದರೆ ಉಳಿಯುತ್ತವೆ.

ಇನ್ನೊಂದು ದೊಡ್ಡ ಗೊಂದಲ ಹೆಸರಿನದು. ಭೌತಶಾಸ್ತ್ರದವರು ಧ್ರುವದಿಂದ ಅಳೆಯುವ ಕೋನಕ್ಕೆ ಥೀಟಾ ಅಂತಾರೆ. ಗಣಿತದ ಎಷ್ಟೋ ಪುಸ್ತಕಗಳಲ್ಲಿ ಅದು ಉಲ್ಟಾ, ಸುತ್ತುವ ಕೋನಕ್ಕೇ ಥೀಟಾ. ಲೈಬ್ರರಿಗಳಲ್ಲೂ ಇದೇ ಕಥೆ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಗೋಳೀಯ ಹಾರ್ಮೋನಿಕ್ಸ್ (ಗೋಳದ ಮೇಲಿನ ಅಲೆಗಳ ಹಾಗಿನ ಗಣಿತದ ಫಂಕ್ಷನ್‌ಗಳು) ಲೆಕ್ಕ ಹಾಕುವ ಹಳೆಯ ಫಂಕ್ಷನ್‌ನಲ್ಲಿ ಥೀಟಾ ಅಂದರೆ ಸುತ್ತುವ ಕೋನ, ಅದರ ಬದಲಿಗೆ ಬಂದ ಹೊಸ ಫಂಕ್ಷನ್‌ನಲ್ಲಿ ಥೀಟಾ ಅಂದರೆ ಧ್ರುವದಿಂದ ಅಳೆಯುವ ಕೋನ. ಬೇರೆಯವರ ಕೋಡ್ ತಂದು ಸೇರಿಸುವ ಮೊದಲು ಅವರ ಥೀಟಾ ಯಾವುದು ಅಂತ ಓದಿ ನೋಡಿ. ನಿಮ್ಮ ಕೋಡ್‌ನಲ್ಲಿ ಥೀಟಾ, ಫೈ ಅನ್ನುವ ಬದಲು "ಧ್ರುವ ಕೋನ", "ಸುತ್ತು ಕೋನ" ಅನ್ನುವ ಅರ್ಥ ಬರುವ ಹೆಸರಿಟ್ಟರೆ ಮುಂದೆ ಓದುವವರಿಗೆ ಅನುಕೂಲ.

ಹಂತ 4: ಮೂರಕ್ಕಿಂತ ಹೆಚ್ಚು ಆಯಾಮ ಇದ್ದರೆ ನಾರ್ಮಲ್ ಸಂಖ್ಯೆ ಬಳಸಿ

ಉಳ್ಳಾಗಡ್ಡಿಯ ಲೆಕ್ಕ ನಾವು ನೋಡುವ ಮೂರು ಆಯಾಮದ ಗೋಳಕ್ಕೆ ಮಾತ್ರ ಕೂಡಿಬರುತ್ತದೆ. ನಾಲ್ಕು, ಹತ್ತು, ನೂರು ಆಯಾಮದ ಗೋಳಕ್ಕೆ (ಮಷಿನ್ ಲರ್ನಿಂಗ್ ಮಾಡುವವರಿಗೆ ಇದು ಬೇಕಾಗುತ್ತದೆ) ಇನ್ನೊಂದು ದಾರಿ ಇದೆ. 1959ರಲ್ಲಿ ಮುಲ್ಲರ್ ಇದನ್ನು ಬರೆದರು:

ಪ್ರತಿ ಆಯಾಮಕ್ಕೂ ಒಂದೊಂದು ನಾರ್ಮಲ್ ಸಂಖ್ಯೆ ತೆಗೆಯಿರಿ
ಉದ್ದ = ವರ್ಗಮೂಲ(ಎಲ್ಲದರ ವರ್ಗಗಳ ಮೊತ್ತ)
ಪ್ರತಿ ಸಂಖ್ಯೆಯನ್ನೂ ಉದ್ದದಿಂದ ಭಾಗಿಸಿ

ಮೂರು ಆಯಾಮಕ್ಕೂ ಇದು ಅಷ್ಟೇ ಸರಿ. ನಂಪೈ (ಪೈಥಾನ್‌ನ ಸಂಖ್ಯಾ ಲೆಕ್ಕದ ಲೈಬ್ರರಿ) ಬಳಸುವವರಿಗೆ ಎರಡೇ ಸಾಲು. ನಾರ್ಮಲ್ ಸಂಖ್ಯೆಗಳ ಹಂಚಿಕೆಯನ್ನು ಎಕ್ಸ್, ವೈ, ಝಡ್ ಮೂರಕ್ಕೂ ಗುಣಿಸಿದರೆ ಬರುವ ಸೂತ್ರದಲ್ಲಿ ಮೂರರ ವರ್ಗಗಳ ಮೊತ್ತ ಮಾತ್ರ ಇರುತ್ತದೆ, ಅಂದರೆ ಕೇಂದ್ರದಿಂದ ಎಷ್ಟು ದೂರ ಅನ್ನುವುದು ಮಾತ್ರ ಲೆಕ್ಕಕ್ಕೆ ಬರುತ್ತದೆ, ಯಾವ ದಿಕ್ಕು ಅನ್ನುವುದು ಬರುವುದೇ ಇಲ್ಲ. ಎಲ್ಲಾ ದಿಕ್ಕಿಗೂ ಸಮಾನ ಸಂಭವ ಸಿಗುವುದು ಇದರಿಂದಲೇ. ಉದ್ದ ಸೊನ್ನೆ ಬಂದರೆ ಭಾಗಿಸಲಾಗುವುದಿಲ್ಲ, ಅಂಥದ್ದು ಬರುವುದು ತೀರಾ ಅಪರೂಪ. ಆದರೂ ಒಂದು ಸಾಲು ಪರೀಕ್ಷೆ ಹಾಕಿ ಬಿಸಾಕಿಬಿಡಿ.

ಇಲ್ಲಿ ನೀವು ಬೀಳಬಹುದಾದ ಗುಂಡಿ ಒಂದಿದೆ. "ನಾರ್ಮಲ್ ಯಾಕೆ, −1 ರಿಂದ 1ರ ನಡುವೆ ಸಮನಾಗಿ ಮೂರು ಸಂಖ್ಯೆ ತೆಗೆದು ಉದ್ದದಿಂದ ಭಾಗಿಸಿದರೆ ಸಾಕಲ್ವಾ?" ಸಾಕಾಗುವುದಿಲ್ಲ. ಹಾಗೆ ಮಾಡಿದರೆ ಮೊದಲು ಒಂದು ಘನಾಕೃತಿ ತುಂಬುತ್ತದೆ, ಅದನ್ನು ಒತ್ತಿ ಗೋಳ ಮಾಡುತ್ತೀರಿ. ಘನಾಕೃತಿಗೆ ಎಂಟು ಮೂಲೆ ಇವೆ, ಮೂಲೆಯ ಕಡೆ ಸಾಮಾನು ಜಾಸ್ತಿ ಇದೆ. ಮುಖದ ನಡುಭಾಗದ ದಿಕ್ಕಿಗೆ ಹೋಲಿಸಿದರೆ ಮೂಲೆಯ ದಿಕ್ಕಿನಲ್ಲಿ ಬಿಂದುಗಳ ಸಾಂದ್ರತೆ 5.2 ಪಟ್ಟು. ಈ ವಿಧಾನ ಬಳಸಲೇಬೇಕು ಅಂದರೆ ಉದ್ದ 1ಕ್ಕಿಂತ ಜಾಸ್ತಿ ಇರುವ ಬಿಂದುಗಳನ್ನು ಮೊದಲು ಬಿಸಾಕಿ, ಆಮೇಲೆ ಭಾಗಿಸಬೇಕು. ಇದಕ್ಕೆ ರಿಜೆಕ್ಷನ್ ಅಂತಾರೆ, ಬೇಡದ್ದನ್ನು ತಿರಸ್ಕರಿಸಿ ಬೇಕಾದ್ದನ್ನು ಇಟ್ಟುಕೊಳ್ಳುವ ವಿಧಾನ. ಮೂರು ಆಯಾಮದಲ್ಲಿ ಸುಮಾರು 52% ಬಿಂದು ಉಳಿಯುತ್ತವೆ. ಹತ್ತು ಆಯಾಮಕ್ಕೆ ಹೋದರೆ ಉಳಿಯುವುದು ಬರೀ 0.25%, ಕಂಪ್ಯೂಟರ್ ಸುಮ್ನೆ ಬಿಸಿಯಾಗುತ್ತದೆ.

ಹಂತ 5: ಸೈನ್, ಕೊಸೈನ್ ಬೇಡ ಅನ್ನುವವರಿಗೆ

1972ರಲ್ಲಿ ಜಾರ್ಜ್ ಮಾರ್ಸಾಗ್ಲಿಯಾ ಕೊಟ್ಟ ವಿಧಾನ ಇದು. −1 ರಿಂದ 1ರ ನಡುವೆ ಎ, ಬಿ ಎರಡು ಸಂಖ್ಯೆ ತೆಗೆಯಿರಿ. ಎಸ್ = ಎ ವರ್ಗ + ಬಿ ವರ್ಗ. ಎಸ್ 1 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎರಡನ್ನೂ ಬಿಸಾಕಿ ಮತ್ತೆ ತೆಗೆಯಿರಿ. ಉಳಿದರೆ:

ಎಕ್ಸ್ = 2 × ಎ × ವರ್ಗಮೂಲ(1 − ಎಸ್)
ವೈ = 2 × ಬಿ × ವರ್ಗಮೂಲ(1 − ಎಸ್)
ಝಡ್ = 1 − 2 × ಎಸ್

ಸುಮಾರು 78.5% ಸಲ ಮೊದಲ ಯತ್ನದಲ್ಲೇ ಸಿಗುತ್ತದೆ. ಸಿ, ಫೋರ್ಟ್ರಾನ್‌ನಲ್ಲಿ ಲೂಪ್ ಬರೆಯುವವರಿಗೆ ಚೆನ್ನಾಗಿ ಹೊಂದುತ್ತದೆ. ನಂಪೈಯಲ್ಲಿ ಒಂದೇ ಸಲ ಲಕ್ಷ ಬಿಂದು ತೆಗೆಯುವವರಿಗೆ ತೊಂದರೆ, ಯಾಕಂದ್ರೆ ಬಿಸಾಕಿದ ಮೇಲೆ 78,500ರ ಆಸುಪಾಸು ಉಳಿಯುತ್ತವೆ, ಉಳಿದದ್ದನ್ನು ಮತ್ತೆ ತುಂಬಬೇಕು. ಅಂಥವರು ಹಂತ 3ರಲ್ಲೇ ಇರಿ.

ಸಿ ಭಾಷೆಯ ಜಿಎಸ್‌ಎಲ್ ಅನ್ನುವ ಗಣಿತದ ಲೈಬ್ರರಿ ಬಳಸುವವರು ಇದ್ಯಾವುದನ್ನೂ ಬರೆಯಬೇಕಿಲ್ಲ, ಮೂರು ಆಯಾಮದ ರ‍್ಯಾಂಡಮ್ ದಿಕ್ಕಿಗೆ ಅದರಲ್ಲಿ ತಯಾರಾದ ಫಂಕ್ಷನ್ ಇದೆ. ಕಣಗಳ ಸಿಮ್ಯುಲೇಶನ್‌ಗೆ ಬಳಸುವ ಜಿಯಾಂಟ್4ರಲ್ಲೂ ಇದೆ. ಇದ್ದದ್ದನ್ನು ಬಳಸುವುದು ಜಾಣತನ, ಆದರೆ ಹಂತ 7ರ ಪರೀಕ್ಷೆ ಮಾತ್ರ ಬಿಡಬೇಡಿ.

ಹಂತ 6: ಸಂಖ್ಯೆ ಎಲ್ಲಿಂದ ಬರುತ್ತಿದೆ, ಸೀಡ್ ಏನು ಅಂತ ನೋಡಿ

ಸೂತ್ರ ಸರಿ ಇದ್ದೂ ರ‍್ಯಾಂಡಮ್ ಸಂಖ್ಯೆಯೇ ಕಳಪೆಯಾದರೆ ಬಿಂದುಗಳೂ ಕಳಪೆ. ಐಬಿಎಂ ಕಂಪ್ಯೂಟರ್‌ಗಳಲ್ಲಿ 1960ರ ದಶಕದಲ್ಲಿ ರಾಂಡು ಅಂತ ಒಂದು ಜನರೇಟರ್ ಇತ್ತು. ಅದರಿಂದ ಸತತ ಮೂರು ಸಂಖ್ಯೆ ತೆಗೆದು ಮೂರು ಆಯಾಮದಲ್ಲಿ ಬಿಂದು ಹಾಕಿದರೆ ಎಲ್ಲವೂ ಬರೀ 15 ಸಮತಲಗಳ ಮೇಲೆ ಕೂರುತ್ತಿದ್ದವು. ಇವತ್ತು ಅಷ್ಟು ಕೆಟ್ಟದ್ದನ್ನು ಯಾರೂ ಬಳಸುವುದಿಲ್ಲ. ಆದರೆ ಸಿ ಭಾಷೆಯ ಹಳೆಯ ರ‍್ಯಾಂಡ್ ಫಂಕ್ಷನ್ ಇನ್ನೂ ಬಳಕೆಯಲ್ಲಿದೆ, ವಿಂಡೋಸ್‌ನ ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಅದು 0 ರಿಂದ 32,767ರವರೆಗಿನ ಸಂಖ್ಯೆ ಮಾತ್ರ ಕೊಡುತ್ತದೆ. ಅದರಿಂದ ಝಡ್ ತೆಗೆದರೆ 32,768 ಎತ್ತರಗಳು ಮಾತ್ರ ಸಿಗುತ್ತವೆ. ಲಕ್ಷಗಟ್ಟಲೆ ಬಿಂದು ಹಾಕುವ ಕೆಲಸಕ್ಕೆ ಅದು ಬೇಡ. ನಂಪೈಯಲ್ಲಿ 2019ರ 1.17 ಆವೃತ್ತಿಯಿಂದ ಬಂದ ಹೊಸ ಜನರೇಟರ್ ಬಳಸಿ.

ಸೀಡ್ ಅಂದರೆ ಜನರೇಟರ್ ಶುರು ಮಾಡುವ ಸಂಖ್ಯೆ. ಅದೇ ಸೀಡ್ ಕೊಟ್ಟರೆ ಅದೇ ಸಾಲು ಮತ್ತೆ ಬರುತ್ತದೆ. ಇದು ನಿಮಗೆ ಅನುಕೂಲವೇ, ಗೈಡ್ ಕೇಳಿದಾಗ ಅದೇ ರಿಸಲ್ಟ್ ಮತ್ತೆ ತೋರಿಸಬಹುದು. ಆದರೆ ಸೀಡ್ ಹಾಕುವ ಸಾಲು ಲೂಪ್‌ನ ಒಳಗೆ ಇರಬಾರದು, ಇದ್ದರೆ ಪ್ರತಿ ಸುತ್ತಿನಲ್ಲೂ ಅದೇ ಬಿಂದು ಬರುತ್ತದೆ. ಗಡಿಯಾರದ ಸಮಯದಿಂದ ಸೀಡ್ ತೆಗೆದರೂ ಅಷ್ಟೇ, ಒಂದು ಸೆಕೆಂಡ್‌ನಲ್ಲಿ ಸಾವಿರ ಸಲ ಲೂಪ್ ಓಡಿರುತ್ತದೆ.

ಎಂಟು ಕೋರ್‌ಗಳಲ್ಲಿ ಒಟ್ಟಿಗೆ ಓಡಿಸುವವರು ಇನ್ನೂ ಹುಷಾರಾಗಿರಬೇಕು. ಎಲ್ಲಾ ಕೋರ್‌ಗಳೂ ಒಂದೇ ಸೀಡ್‌ನಿಂದ ಶುರುವಾದರೆ ಎಂಟು ಲಕ್ಷ ಬಿಂದು ಇವೆ ಅಂತ ನೀವು ಅಂದುಕೊಂಡಿರುತ್ತೀರಿ, ನಿಜಕ್ಕೂ ಇರುವುದು ಒಂದು ಲಕ್ಷ, ಎಂಟು ಪ್ರತಿ. ಎರರ್ ಬಾರ್, ಅಂದರೆ ಉತ್ತರ ಎಷ್ಟು ಅತ್ತಿತ್ತ ಇರಬಹುದು ಅನ್ನುವ ಅಳತೆ, ಸುಳ್ಳಾಗಿ ಚಿಕ್ಕದಾಗುತ್ತದೆ. ನಂಪೈಯಲ್ಲಿ ಒಂದು ಮೂಲ ಸೀಡ್‌ನಿಂದ ಕೋರ್‌ಗೊಂದರಂತೆ ಮಕ್ಕಳ ಸೀಡ್ ಹುಟ್ಟಿಸುವ ಸ್ಪಾನ್ ಅನ್ನುವ ಸೌಲಭ್ಯ ಇದೆ, ಅದನ್ನೇ ಬಳಸಿ.

ಹಂತ 7: ನಂಬುವ ಮೊದಲು ಪರೀಕ್ಷಿಸಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ, ದಯವಿಟ್ಟು ನೀವು ಹಾರಿಸಬೇಡಿ. 10,000 ಬಿಂದು ತೆಗೆದು ಕೆಳಗಿನವನ್ನು ಲೆಕ್ಕ ಹಾಕಿ.

ಮೊದಲು ಎಕ್ಸ್, ವೈ, ಝಡ್ ಮೂರರ ಸರಾಸರಿ. ಸೊನ್ನೆಯ ಹತ್ತಿರ ಬರಬೇಕು, 0.006ರಷ್ಟು ಅತ್ತಿತ್ತ ಆಗುವುದು ಸಹಜ, ಅದರ ಮೂರು ಪಟ್ಟು ದಾಟಿದರೆ ಅನುಮಾನ ಪಡಿ. ಆದರೆ ಸರಾಸರಿ ಸೊನ್ನೆ ಬಂತು ಅಂತ ಅಲ್ಲಿಗೇ ನಿಲ್ಲಬೇಡಿ! ಹಂತ 2ರ ತಪ್ಪು ಕೋಡ್ ಕೂಡ ಈ ಪರೀಕ್ಷೆ ಪಾಸಾಗುತ್ತದೆ, ಮೇಲಿನ ಗುಂಪು ಕೆಳಗಿನ ಗುಂಪನ್ನು ಸರಿದೂಗಿಸಿಬಿಡುತ್ತದೆ.

ಎರಡನೆಯದು ಝಡ್ ವರ್ಗದ ಸರಾಸರಿ. 0.333 ಬರಬೇಕು, 0.003ರಷ್ಟು ಏರಿಳಿತ ಇರಬಹುದು. ಎರಡು ಕೋನದ ಕೋಡ್ ಇಲ್ಲಿ 0.5 ಕೊಟ್ಟು ಸಿಕ್ಕಿಬೀಳುತ್ತದೆ. ಆದರೆ ಘನಾಕೃತಿಯ ತಪ್ಪು ಕೋಡ್ ಇದನ್ನೂ ಪಾಸಾಗುತ್ತದೆ, ಯಾಕಂದ್ರೆ ಅದರಲ್ಲಿ ಮೂರೂ ಅಕ್ಷಗಳು ಸಮಾನ, ಮೂರರ ವರ್ಗಗಳ ಮೊತ್ತ 1 ಇರಲೇಬೇಕು, ಒಂದೊಂದಕ್ಕೆ 0.333 ಬಂದೇ ಬರುತ್ತದೆ.

ಹಾಗಾಗಿ ಮೂರನೆಯದು, ಝಡ್‌ನ ನಾಲ್ಕನೇ ಘಾತದ ಸರಾಸರಿ. ಸರಿಯಾದ ಉತ್ತರ 0.2, ಏರಿಳಿತ 0.003ರ ಒಳಗೆ. ಎರಡು ಕೋನದ ಕೋಡ್ 0.375 ಕೊಡುತ್ತದೆ, ಘನಾಕೃತಿಯದು 0.18ರ ಹತ್ತಿರ. ಈಗ ಇಬ್ಬರೂ ಸಿಕ್ಕಿಬಿದ್ದರು.

ನಾಲ್ಕನೆಯದು ಹಿಸ್ಟೋಗ್ರಾಂ, ಅಂದರೆ ಎಣಿಕೆಯ ಪಟ್ಟಿ ಚಿತ್ರ. ಝಡ್ ಅನ್ನು −1 ರಿಂದ 1ರವರೆಗೆ 20 ಸಮಭಾಗ ಮಾಡಿ ಎಣಿಸಿ. ಒಂದೊಂದರಲ್ಲೂ 500ರ ಆಸುಪಾಸು ಇರಬೇಕು, 22ರಷ್ಟು ಹೆಚ್ಚುಕಡಿಮೆ ಆಗುತ್ತದೆ. ಎಲ್ಲದರಲ್ಲೂ ಸರಿಯಾಗಿ 500 ಬಂದರೆ ಅದೂ ತಪ್ಪೇ, ರ‍್ಯಾಂಡಮ್ ಬಿಂದುಗಳು ಅಷ್ಟು ಶಿಸ್ತಾಗಿ ಇರುವುದಿಲ್ಲ. ಇದೇ ಎಣಿಕೆಯನ್ನು ಎಕ್ಸ್ ಮತ್ತು ವೈಗೂ ಮಾಡಿ. ಸರಿಯಾದ ಗೋಳಕ್ಕೆ ಯಾವ ಅಕ್ಷವೂ ವಿಶೇಷ ಅಲ್ಲ, ಮೂರೂ ಚಪ್ಪಟೆ ಬರಬೇಕು.

ಹಂತ 8: ಚಿತ್ರ ನೋಡಿ ಮೋಸ ಹೋಗಬೇಡಿ

ಸರಿಯಾದ ಕೋಡ್ ಬರೆದವರು ಚಿತ್ರ ನೋಡಿ ಗಾಬರಿಯಾಗಿ, ಸರಿ ಇದ್ದದ್ದನ್ನು ಕೆಡಿಸಿಕೊಳ್ಳುವುದನ್ನು ನೋಡಿದರೆ ಬೇಜಾರಾಗುತ್ತದೆ. ಮೂರು ಕಾರಣಕ್ಕೆ ಹೀಗಾಗುತ್ತದೆ.

ಅಡ್ಡಕ್ಕೆ ರೇಖಾಂಶ, ಉದ್ದಕ್ಕೆ ಅಕ್ಷಾಂಶ ಹಾಕಿ ಆಯತದ ನಕಾಶೆ ಬರೆದರೆ ತಪ್ಪು ಕೋಡ್‌ನ ಬಿಂದುಗಳು ಎಲ್ಲಾ ಕಡೆ ಸಮನಾಗಿ ಕಾಣುತ್ತವೆ, ಸರಿಯಾದವು ಮೇಲೆ ಕೆಳಗೆ ವಿರಳವಾಗಿ ಕಾಣುತ್ತವೆ. ಆ ನಕಾಶೆಯಲ್ಲಿ ಧ್ರುವದ ಒಂದು ಚುಕ್ಕೆ ಇಡೀ ಅಗಲಕ್ಕೆ ಹಿಗ್ಗಿರುತ್ತದೆ, ಹಾಗಾಗಿ ಅಲ್ಲಿ ವಿರಳ ಇರುವುದೇ ಸರಿ. ವಿಸ್ತೀರ್ಣ ಕಾಪಾಡುವ ನಕಾಶೆ ಬಳಸಿ. ಪೈಥಾನ್‌ನಲ್ಲಿ ಚಿತ್ರ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಅಂಥ ಮೋಲ್‌ವೈಡೆ, ಹ್ಯಾಮರ್ ನಕಾಶೆಗಳು ಎರಡೂ ಇವೆ. ಅದೇ ಪಟ್ಟಿಯಲ್ಲಿ ಏಟಾಫ್ ಅಂತ ಇನ್ನೊಂದಿದೆ, ನೋಡಲು ಹಾಗೇ ಇರುತ್ತದೆ, ಆದರೆ ಅದು ವಿಸ್ತೀರ್ಣ ಕಾಪಾಡುವುದಿಲ್ಲ.

ಎರಡನೆಯದು, ಎಕ್ಸ್ ಮತ್ತು ವೈ ಮಾತ್ರ ತೆಗೆದುಕೊಂಡು ಮೇಲಿನಿಂದ ನೋಡಿದ ಹಾಗೆ ಚುಕ್ಕೆ ಹಾಕಿದರೆ ಅಂಚಿನಲ್ಲಿ ದಟ್ಟವಾಗಿ ಕಾಣುತ್ತದೆ. ಗೋಳದ ಅಂಚು ನಮ್ಮ ಕಣ್ಣಿಗೆ ಓರೆಯಾಗಿ ತಿರುಗಿರುವುದರಿಂದ ಹಾಗೆ ಕಾಣುತ್ತದೆ, ಬಿಂದುಗಳ ತಪ್ಪಿಲ್ಲ.

ಮೂರನೆಯದು, ಸರಿಯಾದ ರ‍್ಯಾಂಡಮ್ ಬಿಂದುಗಳಲ್ಲೂ ಅಲ್ಲಲ್ಲಿ ಸಣ್ಣ ಗುಂಪು, ಅಲ್ಲಲ್ಲಿ ಖಾಲಿ ಜಾಗ ಇದ್ದೇ ಇರುತ್ತವೆ. ಒಂದು ಬಿಂದುವಿಗೆ ಇನ್ನೊಂದು ಎಲ್ಲಿ ಬಿದ್ದಿದೆ ಅಂತ ಗೊತ್ತಿರುವುದಿಲ್ಲ. ಗುಂಪು ಯಾವಾಗಲೂ ಧ್ರುವದಲ್ಲೇ ಆಗುತ್ತಿದೆಯಾ, ಸೀಡ್ ಬದಲಿಸಿದರೆ ಜಾಗ ಬದಲಿಸುತ್ತದೆಯಾ ಅಂತ ನೋಡಿ. ಜಾಗ ಬದಲಿಸಿದರೆ ಆರೋಗ್ಯವಾಗಿದೆ.

ಹಂತ 9: ಬೇಡಿಕೆ ಸ್ವಲ್ಪ ಬೇರೆ ಇದ್ದರೆ

ಗೋಳದ ಒಂದು ಟೊಪ್ಪಿಗೆ ಭಾಗ ಮಾತ್ರ ಬೇಕಾ? ಹಂತ 3ರಲ್ಲಿ ಝಡ್ ಅನ್ನು ಕೊಸೈನ್(ಅಂಚಿನ ಕೋನ) ಮತ್ತು 1ರ ನಡುವೆ ಸಮನಾಗಿ ತೆಗೆಯಿರಿ, ಉಳಿದದ್ದು ಹಾಗೇ. ಅರ್ಧಗೋಳ ಆದರೆ 0 ರಿಂದ 1.

ಗೋಳದ ಒಳಗೆ ಪೂರ್ತಿ ತುಂಬಬೇಕಾ? ಮೊದಲು ದಿಕ್ಕು ತೆಗೆದು, ಆಮೇಲೆ ಹೊಸದಾಗಿ ತೆಗೆದ ರ‍್ಯಾಂಡಮ್ ಸಂಖ್ಯೆಯ ಘನಮೂಲದಿಂದ ಗುಣಿಸಿ. ಘನಮೂಲ ಬಿಟ್ಟು ಸಂಖ್ಯೆಯನ್ನೇ ನೇರ ಗುಣಿಸಿದರೆ ಎಲ್ಲಾ ಕೇಂದ್ರದಲ್ಲಿ ಗುಂಪಾಗುತ್ತವೆ.

ಸಮದೂರದ ಬಿಂದು ಬೇಕು, ರ‍್ಯಾಂಡಮ್ ಬೇಡ ಅಂದರೆ ಫಿಬೊನಾಚಿ ಜೋಡಣೆ ಮಾಡಿ: ಝಡ್ ಅನ್ನು ಮೇಲಿನಿಂದ ಕೆಳಗೆ ಸಮ ಹೆಜ್ಜೆಯಲ್ಲಿ ಇಳಿಸುತ್ತಾ, ಪ್ರತಿ ಹೆಜ್ಜೆಗೂ ಫೈ ಅನ್ನು ಸುಮಾರು 137.5 ಡಿಗ್ರಿ ತಿರುಗಿಸಿ. ಆಂಟೆನಾ, ಡಿಟೆಕ್ಟರ್ ಜೋಡಣೆಗೆ ಚೆನ್ನಾಗಿದೆ. ಮಾಂಟೆಕಾರ್ಲೋ (ರ‍್ಯಾಂಡಮ್ ಸಂಖ್ಯೆಗಳಿಂದ ಲೆಕ್ಕ ಹಾಕುವ ವಿಧಾನ) ಎರರ್ ಬಾರ್‌ನ ಮಾಮೂಲಿ ಸೂತ್ರವನ್ನು ಮಾತ್ರ ಅದಕ್ಕೆ ಹಚ್ಚಬೇಡಿ.

ಅಣುವನ್ನೋ ಸ್ಫಟಿಕವನ್ನೋ ರ‍್ಯಾಂಡಮ್ ಆಗಿ ತಿರುಗಿಸಬೇಕಾದರೆ ರ‍್ಯಾಂಡಮ್ ಅಕ್ಷ ಮತ್ತು 0 ರಿಂದ 360ರ ನಡುವಿನ ಸಮನಾದ ಕೋನ ತೆಗೆಯುವುದು ತಪ್ಪು, ಸಣ್ಣ ತಿರುಗುವಿಕೆಗಳು ಬೇಕಾದ್ದಕ್ಕಿಂತ ಜಾಸ್ತಿ ಬರುತ್ತವೆ. ನಾಲ್ಕು ನಾರ್ಮಲ್ ಸಂಖ್ಯೆ ತೆಗೆದು ಉದ್ದದಿಂದ ಭಾಗಿಸಿ, ಬಂದದ್ದನ್ನು ಕ್ವಾಟರ್ನಿಯನ್ ಆಗಿ ಬಳಸಿ. ಕ್ವಾಟರ್ನಿಯನ್ ಅಂದರೆ ತಿರುಗುವಿಕೆಯನ್ನು ನಾಲ್ಕು ಸಂಖ್ಯೆಯಲ್ಲಿ ಬರೆಯುವ ಕ್ರಮ. ಹಂತ 4ರ ವಿಧಾನವೇ ನಾಲ್ಕು ಆಯಾಮದಲ್ಲಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ರಿಪೋರ್ಟ್ ಬರೆಯುವಾಗ ಯಾವ ವಿಧಾನ, ಯಾವ ಜನರೇಟರ್, ಲೈಬ್ರರಿಯ ಯಾವ ಆವೃತ್ತಿ, ಸೀಡ್ ಎಷ್ಟು, ಎಷ್ಟು ಬಿಂದು ಅಂತ ಬರೆದು, ಹಂತ 7ರ ಸಂಖ್ಯೆಗಳನ್ನು ಅನುಬಂಧದಲ್ಲಿ ಒಂದು ಸಣ್ಣ ಕೋಷ್ಟಕವಾಗಿ ಹಾಕಿ. ವೈವಾದಲ್ಲಿ "ಈ ದಿಕ್ಕುಗಳು ಯೂನಿಫಾರ್ಮ್ ಅಂತ ಹೇಗೆ ಹೇಳ್ತೀರಿ?" ಅಂತ ಕೇಳಿದರೆ ಆ ಪುಟ ತೆಗೆದು ತೋರಿಸಿ, ಮೊದಲು ನಾಲ್ಕನೇ ಘಾತದ ಸಾಲು.